ಒಂಬತ್ತನೇ ಮಹಡಿಯ ಕೆಂಪು ದೀಪ

ಇದನ್ನು ನಿಮಗೆಲ್ಲ ಕಳಿಸಲೋ ಬೇಡವೋ ಎಂದು ಒಂದು ವಾರ ಯೋಚಿಸಿದೆ... ಓದಿದ ಮೇಲೆ ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

ಹೇಳಿದವರು ನನ್ನ ಪರಿಚಯದ ಒಬ್ಬ ಬಿಸಿನೆಸ್‌ಮನ್. ಹೆಸರು ಮಾತ್ರ ಹಾಕಬೇಡ ಎಂದಿದ್ದಾರೆ. ಯಾಕೆ ಎಂದು ನಿಮಗೇ ಗೊತ್ತಾಗುತ್ತದೆ.

ತಿಂಗಳಿಗೊಮ್ಮೆ ಬೆಂಗಳೂರಿಗೆ ಬಂದಾಗ ಇವರು ಇಳಿಯುವುದು ಊರ ನಡುವಿನ ಒಂದು ದೊಡ್ಡ ಹೋಟೆಲಿನಲ್ಲಿ. ವ್ಯವಹಾರಕ್ಕೆ ಬರುವವರಿಗೆಂದೇ ಕಟ್ಟಿದ್ದು... ವೈಫೈ, ಮೀಟಿಂಗ್ ರೂಮ್, ಇಸ್ತ್ರಿ ಮಾಡಿದ ಶರ್ಟು, ಎಲ್ಲವೂ ಹೇಳಿದ ಹೊತ್ತಿಗೆ ಸರಿಯಾಗಿ.

ಇವರಿಗೆ ಅಲ್ಲಿ ಬಹಳ ಹಿಡಿಸಿದ್ದೆಂದರೆ, ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಲಿಫ್ಟಿನಲ್ಲಿ ಎದುರಿನವರು ನಕ್ಕರೆ ಮೊಬೈಲ್ ತೆಗೆದು ನೋಡುವ ಮನುಷ್ಯ ಇವರು. ನಾವೇನು ಕಮ್ಮಿ ಅಂತೀರಾ?

ಅವತ್ತು ಮಧ್ಯಾಹ್ನ ಒಂಬತ್ತನೇ ಮಹಡಿಯಲ್ಲಿ, ಪಕ್ಕದ ರೂಮಿನ ಮುಂದೆ ಒಬ್ಬ ಹಿರಿಯರು ಕಾರ್ಡ್ ಹಿಡಿದು ನಿಂತಿದ್ದರು. ಬಿಳಿ ಅಂಗಿ, ಹೊಸ ಕಪ್ಪು ಶೂ.

"ಈ ಕಾರ್ಡ್ ಎಲ್ಲಿ ಹಾಕ್ಬೇಕ್ರಿ ಸರ? ನಾ ಗುರುಶಾಂತಪ್ಪ ಅಂತ, ರಾಣೆಬೆನ್ನೂರಾಂವ... ಬೀಜದ ಕಂಪನಿಯವ್ರು ಮೀಟಿಂಗಿಗೆ ಕರಸ್ಯಾರ್ರಿ."

ಇವರು ಬಾಗಿಲು ತೆಗೆದುಕೊಟ್ಟರು, ಒಳಗೆ ದೀಪ ಹಾಕಿಕೊಟ್ಟರು.

"ಯಾಕೋ ತಲಿ ಭಾರ ಆಗೇತ್ರಿ... ಕುಂದರ್ರಿ ಸರ, ಇಬ್ರಿಗೂ ಚಾ ತರಸ್ತೀನಿ."

ಕೂತರೆ ಅರ್ಧ ಗಂಟೆ ಹೋಯಿತು ಎಂದುಕೊಂಡ ಇವರು ಗೋಡೆಯ ಮೇಲಿನ ಒಂದು ಬಟನ್ ಒತ್ತಿದರು. ಹೊರಗೆ ಬಾಗಿಲ ಪಕ್ಕ ಕೆಂಪು ದೀಪ ಹತ್ತಿತು.

"ನೀವು ರೆಸ್ಟ್ ಮಾಡಿ ಸರ್. ಈ ದೀಪ ಉರೀತಿದ್ರೆ ಯಾರೂ ಬರಲ್ಲ."

"ಯಾರೂ ಬರೂದಿಲ್ಲೇನ್ರಿ?"

"ಯಾರೂ ಬರಲ್ಲ" ಎಂದು ಹೇಳಿ ಇವರು ಹೊರಟುಬಿಟ್ಟರು.

ಸಂಜೆ ಆರೂವರೆ. ಲ್ಯಾಪ್‌ಟಾಪ್ ಮುಂದೆ ದೊಡ್ಡ ಕ್ಲೈಂಟ್ ಜೊತೆ ಕಾಲ್ ನಡೆಯುತ್ತಿತ್ತು. ಪಕ್ಕದ ಗೋಡೆಯಿಂದ ಸದ್ದು... ಟಕ್, ಟಕ್, ಟಕ್.

ಒಂದು ನಿಮಿಷ ಸಹಿಸಿದರು, ಎರಡು ನಿಮಿಷ ಸಹಿಸಿದರು. ಆಮೇಲೆ ರಿಸೆಪ್ಷನ್‌ಗೆ ಫೋನ್ ಮಾಡಿ ರೇಗಿದರು. "ಪಕ್ಕದವರು ಗೋಡೆ ಬಡೀತಿದ್ದಾರೆ. ಇದೇನು ಹೋಟೆಲ್ಲೋ, ಸಂತೆಯೋ?"

"ಸಾರಿ ಸರ್... ಈಗಲೇ ಅವರಿಗೆ ಹೇಳ್ತೀವಿ."

ಪಕ್ಕದ ರೂಮಿನ ಫೋನ್ ಬಡಿದುಕೊಂಡಿತು. ಯಾರೂ ಎತ್ತಲಿಲ್ಲ. ಫೋನ್ ಬಡಿದುಕೊಳ್ಳುವಷ್ಟು ಹೊತ್ತೂ ಗೋಡೆಯ ಸದ್ದು ಜೋರಾಯಿತು... ಫೋನ್ ನಿಂತ ಮೇಲೆ ಸದ್ದೂ ನಿಧಾನವಾಗಿ ನಿಂತಿತು.

ಸದ್ಯ ಬುದ್ಧಿ ಬಂತು ಎಂದುಕೊಂಡು ಇವರು ಕಾಲ್ ಮುಂದುವರಿಸಿದರು.

ಬೆಳಿಗ್ಗೆ ಎಂಟಕ್ಕೆ ಕಾರಿಡಾರಿನಲ್ಲಿ ಹೌಸ್‌ಕೀಪಿಂಗ್ ನಾಗವೇಣಿ ತಡೆದರು. ಪ್ರತಿ ಸಲವೂ ಇವರ ರೂಮು ಗುಡಿಸುವ ಹೆಂಗಸು. ಹೆಸರು ಗೊತ್ತಾಗಿದ್ದು ಅವತ್ತೇ, ಬ್ಯಾಡ್ಜ್ ನೋಡಿ.

"ಸಾರ್, ಪಕ್ಕದ ರೂಮಿಂದ ಏನಾದ್ರೂ ಸದ್ದು ಕೇಳಿಸ್ತಾ? ಪೇಪರ್ ಹಂಗೇ ಬಿದ್ದದೆ. ಊಟಕ್ಕೂ ಇಳ್ದಿಲ್ವಂತೆ. ಕೆಂಪು ದೀಪ ಇದ್ರೆ ನಾವು ಬಾಗಿಲು ತಟ್ಟಂಗಿಲ್ಲ ಸಾರ್... ನೀವು ಒಂದು ಮಾತು ಹೇಳಿದ್ರೆ ಮ್ಯಾನೇಜರ್ ತೆಗೀತಾರೆ."

ಇವರು ವಾಚ್ ನೋಡಿಕೊಂಡರು. ಕೆಳಗೆ ಕ್ಯಾಬ್ ಬಂದಿತ್ತು. ಹೌದು ಎಂದರೆ ಮ್ಯಾನೇಜರ್ ಬರುತ್ತಾನೆ, ಹತ್ತು ಪ್ರಶ್ನೆ ಕೇಳುತ್ತಾನೆ...

"ಇಲ್ಲಮ್ಮ... ಏನೂ ಕೇಳಿಸಲಿಲ್ಲ."

ಸಂಜೆ ನಾಲ್ಕಕ್ಕೆ ವಾಪಸ್ ಬಂದಾಗ ಟೇಬಲ್ ಮೇಲೆ ಹಣ್ಣಿನ ಬುಟ್ಟಿ ಇತ್ತು. ಜೊತೆಗೊಂದು ಚೀಟಿ... "ನಿನ್ನೆಯ ಸದ್ದಿನಿಂದ ನಿಮಗಾದ ತೊಂದರೆಗೆ ಕ್ಷಮೆ ಇರಲಿ."

ಪಕ್ಕದ ರೂಮಿನ ಬಾಗಿಲು ತೆರೆದಿತ್ತು, ಕೆಂಪು ದೀಪ ಆರಿತ್ತು. ಒಳಗೆ ನಾಗವೇಣಿ ನೆಲದ ಮೇಲೆ ಕೂತು ಗೋಡೆ ಒರೆಸುತ್ತಿದ್ದರು. ನೆಲದಿಂದ ಒಂದು ಅಡಿ ಮೇಲೆ ಉದ್ದಕ್ಕೂ ಕಪ್ಪು ಕಲೆ. ಶೂ ಪಾಲಿಶ್‌ನ ಕಲೆ...

"ಲಕ್ವ ಹೊಡೆದಿತ್ತು ಸಾರ್. ಬಿದ್ದಲ್ಲೇ ಎಡಗೈಯಾಗೆ ಶೂ ಹಿಡ್ಕಂಡು ಬಡಿದವ್ರೆ. ನಿನ್ನೆ ಯಾತಕ್ಕೋ ಫೋನ್ ಮಾಡಿದ್ರಂತೆ, ಎತ್ತಲಿಲ್ಲ ಅಂದಾಗ ಮಲಗವ್ರೆ ಅಂದ್ಕಂಡ್ರಂತೆ ಕೆಳಗಿನವ್ರು. ನಾನು ಹನ್ನೆರಡು ಗಂಟೆವರೆಗೂ ಮ್ಯಾನೇಜರ್ ಹತ್ರ ಜಗಳ ಆಡಿ ಬಾಗಿಲು ತೆಗೆಸ್ದೆ. ಈಗ ಆಸ್ಪತ್ರೆಗೆ ಸೇರಿಸವ್ರೆ."

ಬಟ್ಟೆ ಹಿಂಡುತ್ತಾ ಅವರು ಅತ್ತರು. "ಇಷ್ಟೊಂದು ಬಡಿದವ್ರೆ... ಒಬ್ರಿಗೂ ಕೇಳಿಸ್ಲಿಲ್ವಲ್ಲ ಸಾರ್!"

ಮರುದಿನ ಇವರು ಆಸ್ಪತ್ರೆಗೆ ಹೋದರು. ಬಿದ್ದ ದಿನ ಸಂಜೆಯೇ ತಂದಿದ್ದರೆ ಉಳಿಸಿಕೊಳ್ಳಬಹುದಿತ್ತು, ಈಗ ಭರವಸೆ ಇಲ್ಲ ಎಂದರು ಡಾಕ್ಟರ್.

ಹಾಸಿಗೆಯ ಪಕ್ಕ ಕೂತಿದ್ದ ಹಿರಿಯರ ಹೆಂಡತಿ ಎದ್ದು ಕೈಮುಗಿದರು.

"ಬಾಜೂ ರೂಮಿನವ್ರು ನೀವೇನ್ರಿ ಯಪ್ಪಾ? ಸದ್ದು ಕೇಳಿ ಫೋನ್ ಮಾಡಿದ್ರಂತಲ್ಲ, ಹೋಟೆಲ್‌ನವ್ರು ಹೇಳಿದ್ರು... ಅಷ್ಟು ದೊಡ್ಡ ಊರಾಗ ನೀವೊಬ್ರರ ಇವ್ರ ಚಿಂತಿ ಮಾಡಿದ್ರಿ. ದೇವ್ರು ನಿಮ್ಮನ್ನ ಚೊಲೋ ಇಟ್ಟಿರ್ಲಿ."

ಇವರೂ ಕೈಮುಗಿದರು.

ಗುರುಶಾಂತಪ್ಪನವರಿಗೆ ಮಾತು ಹೋಗಿತ್ತು. ಅವರು ಇವರನ್ನೇ ನೋಡಿದರು. ಆಮೇಲೆ ಎಡಗೈ ಎತ್ತಿ ಮಂಚದ ಕಂಬಿಯನ್ನು ಬಡಿದರು...

ಟಕ್. ಟಕ್. ಟಕ್.

"ಏನ್ ಬೇಕ್ರಿ? ನೀರು ಬೇಕೇನ್ರಿ?" ಎಂದು ಹೆಂಡತಿ ಬಗ್ಗಿ ಕೇಳುತ್ತಿದ್ದರು. ಅದೇನೆಂದು ಆ ಕೋಣೆಯಲ್ಲಿ ಇವರೊಬ್ಬರಿಗೆ ಗೊತ್ತಿತ್ತು.

ನಾಲ್ಕನೇ ದಿನ ಹಿರಿಯರು ತೀರಿಕೊಂಡರು.

"ಆ ತಾಯಿ ಇವತ್ತಿಗೂ ಹಬ್ಬಕ್ಕೆ ಫೋನ್ ಮಾಡಿ ನನಗೆ ಆಶೀರ್ವಾದ ಮಾಡ್ತಾರೆ" ಎಂದು ಇವರು ನನ್ನ ಮುಂದೆ ಬಿಕ್ಕಿ ಬಿಕ್ಕಿ ಅತ್ತರು. "ಅವರಿಗೆ ನಿಜ ಹೇಳೋ ಧೈರ್ಯ ನನಗಿಲ್ಲ. ನೀನಾದರೂ ಎಲ್ಲರಿಗೂ ಹೇಳು..."

ಅದಕ್ಕೇ ಕಳಿಸಿದ್ದೇನೆ.

*ನಮಗೆ ಬರೀ ತೊಂದರೆಯಾಗಿ ಕೇಳಿಸಿದ್ದು, ಇನ್ನೊಬ್ಬರು ಜೀವ ಉಳಿಸಿ ಎಂದು ಕೂಗಿದ್ದೂ ಆಗಿರಬಹುದು.*

ನಿಮ್ಮ ಪಕ್ಕದ ಗೋಡೆಯಾಚೆ ಇರುವವರನ್ನು ನೀವು ಕೊನೆಯ ಸಲ ಮಾತಾಡಿಸಿದ್ದು ಯಾವಾಗ?