ಎರಡನೆಯ ಬೀಗ

"ಯಾರದು ಈ ಬೀಗ?" ಗಾಳಿಯಂತ್ರದ ಕಂಬದ ಬುಡದಲ್ಲಿ ನಿಂತು ಮೇಲ್ವಿಚಾರಕ ಕೂಗಾಡುತ್ತಿದ್ದ. ಗಾಳಿ ಹದವಾಗಿತ್ತು. ಸಾಲಿನ ಯಂತ್ರಗಳೆಲ್ಲ ಕರೆಂಟು ಕೊಡುತ್ತಿದ್ದರೆ ಇದೊಂದು ಮಾತ್ರ ಮುನಿಸಿಕೊಂಡು ನಿಂತಿತ್ತು. ಚಾಲೂ ಮಾಡೋಣವೆಂದರೆ ಸ್ವಿಚ್ಚಿಗೆ ಮಾಸಿದ ಹಿತ್ತಾಳೆ ಬೀಗ.

ಅಷ್ಟರಲ್ಲಿ ಕಂಬದೊಳಗಿನ ಏಣಿಯಿಂದ ಮೆಕ್ಯಾನಿಕ್ ಹುಡುಗಿ ಇಳಿದು ಬಂದಳು. ಮೊಣಕೈತನಕ ಗ್ರೀಸು.

"ಸ್ಪ್ಯಾನರ್ ಬೇಕಿತ್ತು ಸರ್. ಕೆಲಸ ಇನ್ನೂ ಇದೆ."

"ನೀವು ಮೇಲಿದ್ರಾ? ಮತ್ತೆ ನಿಮ್ಮ ಬೀಗ ಎಲ್ಲಿ?"

ಕೆಳಗಿನವರು ಯಂತ್ರ ಚಾಲೂ ಮಾಡದಂತೆ, ಹತ್ತುವವರು ಸ್ವಿಚ್ಚಿಗೆ ತಮ್ಮ ಬೀಗ ಜಡಿದು, ಕೀಲಿ ಜೇಬಿಗಿಳಿಸಿಯೇ ಹತ್ತಬೇಕು. ಬೆಳಗ್ಗೆ ಅವಳೂ ಜಡಿದಿದ್ದಳು. ನಡುವೆ ಇಳಿದು, ಬೀಗ ತೆಗೆದು, ಯಂತ್ರ ತಿರುಗಿಸಿ ನೋಡಿದರೆ ಕಿರುಗುಟ್ಟುವ ಸದ್ದು ಹಾಗೇ ಇತ್ತು. ಅದೇ ಸಿಟ್ಟಿನಲ್ಲಿ ಮತ್ತೆ ಹತ್ತಿದ್ದಳು. ಈಗ ಜೇಬು ಮುಟ್ಟಿ ನೋಡಿಕೊಂಡಳು. ಬೀಗ ಅಲ್ಲೇ ಇತ್ತು. ಇಷ್ಟು ಹೊತ್ತೂ ಅವಳ ಕೈ ಹಲ್ಲುಚಕ್ರಗಳ ನಡುವೆ ಇತ್ತು.

ಮೇಲ್ವಿಚಾರಕನಿಗೂ ಅರ್ಥವಾಯಿತು. ಹಿತ್ತಾಳೆ ಬೀಗವನ್ನು ಹೊರಳಿಸಿ ನೋಡಿದ; ಅದು ಯಾರದೆಂದೂ ಈಗ ಹೊಳೆಯಿತು.

ನೀರಿನ ಕ್ಯಾನು ತುಂಬಿಸಿಕೊಂಡು ಬೀಗದಣ್ಣ ಕುಂಟುತ್ತ ಬಂದ. ಮಂಡಿ ಸವೆದ ಈ ಹಿರಿಯ ಮೆಕ್ಯಾನಿಕ್ ಏಣಿ ಹತ್ತಿ ಆರು ವರ್ಷವಾಗಿತ್ತು. ಆದರೂ ದಿನವೂ ಸ್ವಿಚ್ಚಿಗೆ ತನ್ನದೂ ಒಂದು ಬೀಗ ಹಾಕುತ್ತಿದ್ದ. ಇವತ್ತೂ ಅವಳು ಯಂತ್ರ ತಿರುಗಿಸಿ ನೋಡುವಾಗ ತೆಗೆದುಕೊಟ್ಟು, ಅವಳು ಮತ್ತೆ ಹತ್ತಿದೊಡನೆ ಅವಸರದಲ್ಲಿ ಜಡಿದು ನೀರಿಗೆ ಹೋಗಿದ್ದ. 'ನೆಲದ ಮೇಲೆ ಇರೋರಿಗೂ ಬೀಗ ಬೇಕಾ' ಎಂದು ಎಲ್ಲರೂ ರೇಗಿಸಿ ಇಟ್ಟ ಹೆಸರೇ ಬೀಗದಣ್ಣ. ರೇಗಿಸುವುದರಲ್ಲಿ ಈ ಹುಡುಗಿಯದೇ ಮುಂದಾಳತ್ವ.

ಮೇಲ್ವಿಚಾರಕ ಮುಂದೆ ಬಂದು ಅವನ ಎರಡೂ ಕೈ ಹಿಡಿದುಕೊಂಡ. "ನಿನ್ನ ಬೀಗಕ್ಕೆ ಬಾಯಿಗೆ ಬಂದ ಹಾಗೆ ಬೈದೆ, ಅಣ್ಣ. ಅದು ಇಲ್ದಿದ್ರೆ ಇವತ್ತು ನಾನು ಕೊಲೆಗಾರ ಆಗ್ತಿದ್ದೆ."

ಹುಡುಗಿ ಹತ್ತಿರ ಬಂದಳು. "ನೀವು ಹತ್ತಲ್ವಲ್ಲ ಅಣ್ಣ, ಆದ್ರೂ ಯಾಕೆ ಹಾಕ್ತಿದ್ರಿ?" ಇದೇ ಪ್ರಶ್ನೆ ನೂರು ಸಲ ಕೇಳಿದ್ದಳು. ಉತ್ತರಕ್ಕೆ ಕಾದದ್ದು ಇದೇ ಮೊದಲು.

"ಹತ್ತೋಳು ನೀನು ಕಣಮ್ಮ. ಇಳಿಯೋ ತನಕ ಕಾಯೋನು ನಾನು. ನನಗೂ ನೆಮ್ಮದಿ ಬೇಡ್ವಾ?"

ಮರುದಿನ ಅವಳು ತನ್ನ ಬೀಗ ಜಡಿದು ಎರಡು ಸಲ ಎಳೆದು ನೋಡಿದಳು. ಏಣಿಗೆ ಕಾಲಿಡಹೋದವಳು ಹಿಂದೆ ಸರಿದು ನಿಂತಳು.

"ಹತ್ತು ತಾಯಿ, ಇನ್ನೇನು ನೋಡ್ತೀಯ?"

"ನಿಮ್ಮದು ಹಾಕಿ ಅಣ್ಣ, ಆಮೇಲೆ."

ಬೀಗದಣ್ಣ ಚೀಲದಲ್ಲಿ ತಡಕಾಡಿದ. ಎರಡನೆಯ ಬೀಗ ಕಟಕ್ಕೆಂದ ಮೇಲೆಯೇ ಅವಳು ಮೊದಲ ಮೆಟ್ಟಿಲು ತುಳಿದಳು.