ಕಡಜ ಕಟ್ಟಿದ ದಾಸವಾಳ

ಕಲ್ಯಾಣಮ್ಮನ ಕೈ ಎಂದಿನಂತೆ ಬೇಲಿಯ ಸಂದಿಯಿಂದ ಈಚೆಗೆ ಬಂದು ದಾಸವಾಳದ ಗಿಡದತ್ತ ಚಾಚಿತು. ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದ ದ್ರಾಕ್ಷಾಯಣಿ ಒಲೆಯ ಮೇಲಿನ ಹಾಲನ್ನು ಮರೆತಳು. ಆ ಗಿಡದ ಎಲೆಗಳ ಮರೆಯಲ್ಲಿ, ಸರಿಯಾಗಿ ಹೂವಿಗೆ ಕೈ ಹಾಕುವ ಎತ್ತರದಲ್ಲಿ, ಅಂಗೈ ಅಗಲದ ಕಡಜದ ಗೂಡಿತ್ತು. ದ್ರಾಕ್ಷಾಯಣಿಗೆ ಅದು ಗೊತ್ತಿತ್ತು, ಪಕ್ಕದ ಮನೆಯ ಕಲ್ಯಾಣಮ್ಮನಿಗೆ ಗೊತ್ತಿರಲಿಲ್ಲ. ‘ಅಕ್ಕಾ, ಕಡಜ’ ಎಂದರೆ ಮುಗಿಯುತ್ತಿತ್ತು. ಆದರೆ ಹಾಗೆಂದುಬಿಟ್ಟರೆ, ಮೊದಲು ಮಾತಾಡಿಸಿದವಳು ತಾನಾಗುತ್ತಿದ್ದಳು.

ಇಬ್ಬರೂ ಮಾತು ಬಿಟ್ಟ ಮೇಲೆ ಒಂದು ಕಾಫಿ ಕುಯ್ಲು ಕಳೆದಿತ್ತು. ಹಾನುಬಾಳಿನ ಮಹಿಳಾ ಸಂಘದಲ್ಲಿ ಯಾರೋ ಕಲ್ಯಾಣಮ್ಮನ ಮನೆಯ ಪೂಜೆಯ ಅಂದವನ್ನು ಹೊಗಳಿದಾಗ, ಹೂವೆಲ್ಲ ನಮ್ಮ ಹಿತ್ತಲದ್ದು, ಪುಣ್ಯ ಮಾತ್ರ ಅಕ್ಕಂದು ಎಂದು ದ್ರಾಕ್ಷಾಯಣಿ ತಮಾಷೆ ಮಾಡಿದ್ದಳು. ಎಲ್ಲರೂ ನಕ್ಕರು, ಕಲ್ಯಾಣಮ್ಮ ನಗಲಿಲ್ಲ. ಮಾರನೆಯ ಬೆಳಿಗ್ಗೆಯಿಂದ ಅವಳ ಹಸುವಿನ ಹಾಲು ಈ ಮನೆಗೆ ಬರುವುದು ನಿಂತು ಪ್ಯಾಕೆಟ್ ಹಾಲು ಶುರುವಾಯಿತು. ಮಾತೂ ನಿಂತಿತು. ಹೂ ಕೊಯ್ಯುವುದು ಮಾತ್ರ ನಿಲ್ಲಲಿಲ್ಲ. ಮಾತು ಮನುಷ್ಯರದ್ದು, ಹೂವು ದೇವರದ್ದು ಎಂದು ಕಲ್ಯಾಣಮ್ಮ ಅಂದುಕೊಂಡಿದ್ದಳೋ ಏನೋ. ದ್ರಾಕ್ಷಾಯಣಿಯೂ ಬೇಲಿಯ ಆ ಸಂದಿಯನ್ನು ಮುಚ್ಚಿಸಲಿಲ್ಲ. ಯಾಕೆ ಎಂದು ಗಂಡ ಬಸವರಾಜು ಕೇಳಿದಾಗ ಈಗ ತಂತಿ ಬಲು ತುಟ್ಟಿ ಅಂದಿದ್ದಳು. ಬಸವರಾಜುವಿನದು ಹಾರ್ಡ್‌ವೇರ್ ಅಂಗಡಿ, ಬಾಗಿಲ ಪಕ್ಕದಲ್ಲೇ ತಂತಿಯ ಸುರುಳಿಗಳು ಬಿದ್ದಿರುತ್ತಿದ್ದವು.

ಗೂಡು ಕಂಡ ದಿನವೇ ಅದನ್ನು ಸುಡಲು ಅವನು ಹೊರಟಿದ್ದ. ಇರಲಿ ಬಿಡಿ, ಅವೂ ಬದುಕಲಿ ಎಂದು ಅವಳೇ ತಡೆದಿದ್ದಳು. ಚೇಳು ಕಂಡರೆ ಚಪ್ಪಲಿ ಹುಡುಕುವ ಹೆಂಡತಿಗೆ ಇದ್ದಕ್ಕಿದ್ದಂತೆ ಇಷ್ಟು ದಯೆ ಹುಟ್ಟಿದ್ದನ್ನು ಕಂಡು ಅವನು ಬೇಲಿಯ ಕಡೆಗೊಮ್ಮೆ ನೋಡಿ ಬೆಂಕಿಪೊಟ್ಟಣ ಒಳಗಿಟ್ಟಿದ್ದ.

ಇಷ್ಟು ದಿನ ಬೇರೆ ಕೊಂಬೆಗಳಲ್ಲೇ ಕೊಯ್ದುಕೊಂಡು ಹೋಗುತ್ತಿದ್ದ ಕೈಗೂ ಗೂಡಿಗೂ ನಡುವೆ ಈಗ ಗೇಣು ಜಾಗವಿತ್ತು. ಊದಿದ ಮುಖ ಹೊತ್ತು ಕಲ್ಯಾಣಮ್ಮ ಸಂಘಕ್ಕೆ ಬರುವ ಚಿತ್ರವನ್ನು ನೆನೆದು ದ್ರಾಕ್ಷಾಯಣಿ ಪಾತ್ರೆ ತೊಳೆಯುವಾಗೆಲ್ಲ ಒಬ್ಬಳೇ ನಕ್ಕಿದ್ದುಂಟು. ಈಗ ನಗು ಬರಲಿಲ್ಲ. ಕಂಡದ್ದು ಆ ಕೈ ಮಾತ್ರ. ಹಸಿರು ಗಾಜಿನ ಬಳೆ, ಮೊಣಕೈ ಬಳಿ ಕತ್ತಿ ತಾಗಿದ ಹಳೆಯ ಗಾಯ. ಕೂಲಿಯಿಲ್ಲದೆ ಕೆಲಸಕ್ಕೆ ಕೆಲಸ ಕೊಡುವ ಮುಯ್ಯಾಳಾಗಿ ಇವಳ ತೋಟದಲ್ಲಿ ಎಷ್ಟೋ ವರ್ಷ ಪಕ್ಕದ ಸಾಲಿನಲ್ಲೇ ಕಾಫಿ ಕುಯ್ದ ಕೈ. ಅವಳು ಬಾಯಿ ತೆರೆದಳು. ಮಾತು ಹೊರಡುವ ಮೊದಲೇ ಬೆನ್ನ ಹಿಂದೆ ಹಾಲು ಉಕ್ಕಿತು.

ಒಲೆ ಆರಿಸಿ ತಿರುಗುವಷ್ಟರಲ್ಲಿ ಬೇಲಿಯಲ್ಲಿ ಕೈ ಇರಲಿಲ್ಲ. ಕೂಗಾಟವೂ ಕೇಳಲಿಲ್ಲ. ಕಲ್ಯಾಣಮ್ಮನಿಗೆ ಗೂಡು ಕಂಡಿರಬೇಕು, ಅವಳು ತನ್ನ ಮನೆಯೊಳಗೆ ಹೋಗುತ್ತಿದ್ದಳು. ಸದ್ಯ, ಎಂದುಕೊಂಡಳು ದ್ರಾಕ್ಷಾಯಣಿ. ಇನ್ನು ಈ ಕಡೆ ಬರಲಿಕ್ಕಿಲ್ಲ ಎಂಬುದೂ ಹಿಂದೆಯೇ ಹೊಳೆಯಿತು. ಅದು ಸಂತೋಷದ ವಿಷಯವಾಗಬೇಕಿತ್ತು, ಆಗಲಿಲ್ಲ.

ಕಲ್ಯಾಣಮ್ಮ ಮತ್ತೆ ಬಂದಳು, ಕೈಯಲ್ಲಿ ಹಳೆ ಸೀರೆಯಿಂದ ಹರಿದ ಕೆಂಪು ಅಂಚು ಹಿಡಿದುಕೊಂಡು. ತುದಿಗಾಲಲ್ಲಿ ನಿಂತು, ಗೂಡಿನ ಮೇಲಿನ ಕೊಂಬೆಗೆ, ಅದು ಅಲುಗದ ಹಾಗೆ, ಈ ಮನೆಯ ಕಡೆಗೆ ಕಾಣುವಂತೆ ಆ ಅಂಚನ್ನು ಕಟ್ಟಿದಳು. ಕಾಫಿ ಕುಯ್ಯುವಾಗ ಎಲ್ಲರೂ ಮಾಡುವ ಕೆಲಸವೇ ಅದು. ಗಿಡದಲ್ಲಿ ಕಡಜ ಕಂಡವರು ಬಟ್ಟೆಯ ಚೂರು ಕಟ್ಟಿ ಮುಂದಿನ ಗಿಡಕ್ಕೆ ಹೋಗುತ್ತಾರೆ, ಹಿಂದೆ ಬರುವವರು ಯಾರೇ ಆಗಿರಲಿ. ಕಟ್ಟಿದ ಮೇಲೆ ಕಿಟಕಿಯ ಕಡೆ ತಿರುಗಿಯೂ ನೋಡದೆ, ಖಾಲಿ ಬುಟ್ಟಿ ಎತ್ತಿಕೊಂಡು ಹೊರಟುಹೋದಳು.

ಸಂಜೆ ಬಸವರಾಜು ಅಂಗಡಿಯಿಂದ ಬರುವುದನ್ನೇ ದ್ರಾಕ್ಷಾಯಣಿ ಕಾಯುತ್ತಿದ್ದಳು.

"ರೀ, ಆ ಗೂಡು ಇವತ್ತೇ ಸುಟ್ಟಾಕಿ."

"ಅವೂ ಬದುಕ್ಲಿ ಅಂತಿದ್ದೆ?"

"ಬದುಕಿದ್ದು ಸಾಕು. ಸುಡ್ರೀ ಸುಮ್ನೆ."

ಅವನು ಬೇಲಿಯ ಕಡೆ ನೋಡಿದ, ಕೆಂಪು ಬಟ್ಟೆಯನ್ನು ನೋಡಿದ, ಹೆಂಡತಿಯ ಮುಖ ನೋಡಿದ. ಕತ್ತಲಾಗುವ ಹೊತ್ತಿಗೆ ಗೋಣಿಚೀಲ ಹೊದ್ದು, ಉದ್ದ ಬಿದಿರಿನ ತುದಿಗೆ ಸೀಮೆಎಣ್ಣೆ ಬಟ್ಟೆ ಸುತ್ತಿ, ಯುದ್ಧಕ್ಕೆ ಹೊರಟವನಂತೆ ಹೋದ. ಅವನ ಉತ್ಸಾಹ ಸ್ವಲ್ಪ ಜಾಸ್ತಿಯೇ ಆಯಿತು. ಗೂಡಿನ ಜೊತೆಗೆ ಮೊಗ್ಗು ತುಂಬಿದ್ದ ದಾಸವಾಳದ ಮುಕ್ಕಾಲು ಭಾಗವೂ ಕೆಂಪು ಬಟ್ಟೆಯೂ ಕರಕಲಾದವು.

ಬೆಳಿಗ್ಗೆ ದ್ರಾಕ್ಷಾಯಣಿ ಹಿತ್ತಲಿನಲ್ಲಿ ಉಳಿದ ಹೂವನ್ನೆಲ್ಲ ತಾನೇ ಬಿಡಿಸಿದಳು. ನಂದಿಬಟ್ಟಲು, ನಾಲ್ಕಾರು ಕಣಗಿಲೆ. ಬಾಳೆಯೆಲೆಯ ತುಂಡಿನಲ್ಲಿಟ್ಟು ಬೇಲಿಯ ಸಂದಿಯ ಕಲ್ಲಿನ ಮೇಲಿರಿಸಿ, ಸರಸರನೆ ಒಳಗೆ ಬಂದು ಕಿಟಕಿಯ ಬದಿಗೆ ಸರಿದು ನಿಂತಳು. ಕಲ್ಯಾಣಮ್ಮ ಬಂದಳು. ಸುಟ್ಟ ಗಿಡವನ್ನು ನೋಡಿದಳು, ಎಲೆಯನ್ನು ನೋಡಿದಳು, ಹೂವನ್ನೆಲ್ಲ ಬುಟ್ಟಿಗೆ ಸುರಿದುಕೊಂಡಳು. ಆಮೇಲೆ ಕೊಟ್ಟಿಗೆಯ ಮುಂದೆ ಕಟ್ಟಿದ್ದ ಹಸುವಿನ ಕಡೆ ತಿರುಗಿ, ಎರಡು ಮನೆಗೂ ಕೇಳುವಷ್ಟು ದನಿಯಲ್ಲಿ ಹೇಳಿದಳು:

"ನೋಡ್ದೇನೇ ಗೌರಿ, ಗೂಡು ಸುಡಕ್ಕೋಗಿ ಗಿಡಾನೇ ಸುಟ್ಬುಟ್ಟವ್ರೆ. ಇನ್ ನಮ್ ಶಿವುನ್ ಪೂಜೆಗೆ ಕೆಂಪು ಹೂವು ಎಲ್ಲಿಂದ ತರದು?"

ದ್ರಾಕ್ಷಾಯಣಿಯ ಮನೆಯಲ್ಲಿ ಹಸುವಿರಲಿಲ್ಲ. ಅವಳು ನೇರವಾಗಿಯೇ ಉತ್ತರ ಕೊಡಬೇಕಾಯಿತು.