ಹುಣಸೆಮರದಿಂದ ಬಂದ ಹೂಂ

ಹುಣಸೆಮರದಿಂದ ಹೊರಟ ಆ 'ಹೂಂ' ತನ್ನದೇ ಎಂದು ಮಂಟೇಸ್ವಾಮಿಗೆ ಅರಿವಾಗುವ ಹೊತ್ತಿಗೆ, ಕೆಳಗೆ ಚೆಂಡುಹೂವಿನ ಸಾಲಿನಲ್ಲಿ ಆ ಯಹೂದಿ ಅಜ್ಜ ಕುಸಿದು ಕೂತು, ಎರಡೂ ಕೈ ಮೇಲೆತ್ತಿ ಅಳುತ್ತಿದ್ದರು.

ಮಂಟೇಸ್ವಾಮಿ ಮರದ ಮೇಲಿನ ಅಟ್ಟಣೆಯಲ್ಲಿ ಮುದುಡಿ ಕೂತ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ಇಟ್ಟುಕೊಂಡು ಏನು ಬಂತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಜ್ಜನ ಹೆಸರು ಎಲಿಯಾಹು. ಕೊಚ್ಚಿಯ ಯಹೂದಿ ಕೇರಿಯಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಇಸ್ರೇಲಿಗೆ ಹೋದವರು. ಎಂಬತ್ತು ತುಂಬಿದ ಮೇಲೆ ಹುಟ್ಟಿದ ಸೀಮೆ ನೋಡುವ ಆಸೆಯಾಗಿ ಬಂದಿದ್ದರು. ಕೊಚ್ಚಿ ನೋಡಿಕೊಂಡು ಮರಳುವ ದಾರಿಯಲ್ಲಿ, ಹಂಗಳದ ಹತ್ತಿರ ಚಿಕ್ಕಮಲ್ಲಪ್ಪನವರ ಹೋಂಸ್ಟೇಯಲ್ಲಿ ಹತ್ತು ದಿನಕ್ಕೆಂದು ಉಳಿದಿದ್ದರು.

ಅವರು ಬಂದ ದಿನವೇ ಚಿಕ್ಕಮಲ್ಲಪ್ಪ, ಹೊಲ ಕಾಯುವ ಮಂಟೇಸ್ವಾಮಿಯನ್ನು ಕರೆಸಿದ್ದರು.

"ಅವ್ರ ಪಂಥದಲ್ಲಿ ಹಿಂಗೊಂದು ಪದ್ಧತಿ ಅಂತೆ ಕಣ್ಲಾ. ದಿನಾ ಒಂದು ಗಂಟೆ ಒಬ್ಬರೇ ಹೊಲದಲ್ಲಿ ನಿಂತ್ಕಂಡು, ಸ್ನೇಹಿತನ ತಾವ ಮಾತಾಡ್ದಂಗೆ ದೇವ್ರ ತಾವ ಮಾತಾಡ್ಬೇಕಂತೆ. ಮಂತ್ರಗಿಂತ್ರ ಏನಿಲ್ಲ, ಮನಸಲ್ಲಿರೋದ್ನ ಹೇಳೋದು. ಹಂಗೆ ಹೇಳ್ತಾ ಹೇಳ್ತಾ ದೇವ್ರು ಹತ್ರ ಆಯ್ತಾನಂತೆ. ಪಕ್ಕದಲ್ಲಿ ಯಾರೂ ಇರಬಾರ್ದು. ಆದ್ರೆ ಆನೆ ತಿರುಗೋ ಜಾಗ ನೋಡು. ನೀನು ಅಟ್ಟಣೆ ಮ್ಯಾಲೆ ಕಾಣ್ದಂಗೆ ಕೂತಿರು. ಆನೆ ಬಂದ್ರೆ ಈ ತಗಡು ಬಡಿ, ಸಾಕು."

ಮಂಟೇಸ್ವಾಮಿ ತಲೆಯಾಡಿಸಿ ತಗಡು ಎತ್ತಿಕೊಂಡಿದ್ದ.

ಮೂರು ದಿನ ಕೂತ. ಅಜ್ಜ ಮಾತಾಡುತ್ತಿದ್ದುದು ಹೀಬ್ರೂ. ಅವನಿಗೆ ಒಂದಕ್ಷರ ತಿಳಿಯದು. ಆದರೆ ಆ ಮಾತಿನ ಏರಿಳಿತ ಅವನಿಗೆ ಗೊತ್ತಿದ್ದದ್ದೇ. ನಾಲ್ಕು ಮಾತಿಗೊಮ್ಮೆ ನಿಲ್ಲಿಸಿ, ಕೇಳುವವನಿಗೆ ಜಾಗ ಬಿಡುವ ರೀತಿ. ಮಗಳು ಭಾನು ಇದೇ ಅಟ್ಟಣೆಯ ಮೇಲೆ ಕೂತು ಶಾಲೆಯ ಕಥೆ ಹೇಳುವಾಗ ಹೀಗೇ ನಿಲ್ಲಿಸುತ್ತಿದ್ದಳು. ಕಥೆ ಕೇಳುವವರು ಹೂಂಗುಟ್ಟಬೇಕು, ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಇದು ಈ ಸೀಮೆಯ ಕೂಸಿಗೂ ಗೊತ್ತು. ಹೂಂ ತಡವಾದರೆ ಅವಳು ಅಪ್ಪನ ತೊಡೆ ಚಿವುಟುತ್ತಿದ್ದಳು. "ನಿದ್ದೆ ಮಾಡ್ಬುಟ್ಯಾ ಅಪ್ಪಾ?"

ನಾಲ್ಕನೆಯ ದಿನ ಅಜ್ಜ ಮಾತು ನಿಲ್ಲಿಸಿದಾಗ ಮಂಟೇಸ್ವಾಮಿಯ ತೊಡೆ ಚುರ್ರೆಂದಿತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಹೂಂ ತಾನಾಗಿ ಜಾರಿಬಿಟ್ಟಿತು.

ಅವನ ಹೆಂಡತಿ ಗುರುಮಲ್ಲಮ್ಮ ಹೋಂಸ್ಟೇಯಲ್ಲಿ ಅಡುಗೆಯವಳು. ಹಿಂದೆ ವಯನಾಡಿನಲ್ಲಿ ಕಾಫಿ ಕುಯ್ದು ಕಲಿತ ಮಲಯಾಳಂನಲ್ಲಿ ಅಜ್ಜನೊಡನೆ ಹರಟುತ್ತಿದ್ದಳು. ಆ ಸಂಜೆ ಮನೆಗೆ ಬಂದವಳು ಗಂಡನ ಮುಖವನ್ನೇ ನೋಡಿದಳು.

"ಅಜ್ಜ ಇವತ್ತು ಎರಡು ಮುದ್ದೆ ಉಂಡ್ರು. ಬೇಡ್ಕಂಡಿದ್ಕೆ ದೇವ್ರು ಓಗೊಟ್ಟನಂತೆ. ನಿಂಗೇನಾರ ಕೇಳುಸ್ತಾ?"

ಮಂಟೇಸ್ವಾಮಿ ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಒತ್ತಾಯಿಸಲಿಲ್ಲ. ಎರಡು ವರ್ಷದಿಂದ ಅವಳು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದಳು. ಗಂಡನನ್ನು ಚಾಮರಾಜನಗರದ ಡಾಕ್ಟರ ಬಳಿಗೂ ಕರೆದೊಯ್ದಿದ್ದಳು. ಮೈಯಲ್ಲಿ ಯಾವ ದೋಷವೂ ಇಲ್ಲ ಎಂದು ಅವರು ಕಳಿಸಿದ್ದರು.

ಮರುದಿನ ಮಂಟೇಸ್ವಾಮಿ ಟವೆಲ್ ಕಚ್ಚಿಕೊಂಡು ಕೂತ. ಅಜ್ಜ ನಿಲ್ಲಿಸಿದರು. ಕಾದರು. ಕಾಯುತ್ತ ಕಾಯುತ್ತ ಅವರ ಮುಖ ಬಾಡಿತು. ಅದನ್ನು ನೋಡಲಾರದೆ ಇವನು ಮತ್ತೆ ಹೂಂಗುಟ್ಟಿದ. ಅಜ್ಜನ ಮುಖ ಅರಳಿತು. ಆಮೇಲೆ ದಿನವೂ ಅದೇ ಆಯಿತು. ಎಲೆಗಳ ನಡುವಿನಿಂದ ಬರುವ ಆ ದನಿ ಕೇಳಿ ಅವನಿಗೇ ಮೈ ಜುಮ್ಮೆನ್ನುತ್ತಿತ್ತು, ಯಾರದೋ ದನಿ ತನ್ನ ಗಂಟಲಲ್ಲಿ ಕೂತ ಹಾಗೆ.

ಆ ದನಿಯನ್ನು ನಂಬಿ ಬಂದವಳು ಒಬ್ಬಳಿದ್ದಳು. ಎರಡು ವರ್ಷದ ಹಿಂದೆ, ಮಂಜು ಕವಿದ ಒಂದು ಬೆಳಗ್ಗೆ, ಭಾನು ಬುತ್ತಿ ತರುತ್ತಿದ್ದಳು. ದಾರಿ ಕಾಣದೆ "ಎಲ್ಲಿದ್ದೀಯಪ್ಪಾ?" ಎಂದಳು. "ಈ ಕಡೆ ಬಾ ಮಗಾ" ಎಂದು ಕೂಗಿದವನು ಮಂಟೇಸ್ವಾಮಿಯೇ. ನಡುವೆ ಆನೆ ನಿಂತಿದ್ದು ಅವನಿಗೂ ಕಾಣಲಿಲ್ಲ. ಅವಳು ಅಪ್ಪನ ದನಿ ಹಿಡಿದು ನೇರವಾಗಿ ಆನೆಯ ಕಾಲಬುಡಕ್ಕೇ ನಡೆದು ಬಂದಳು.

ಈಗ ಇನ್ನೊಬ್ಬರು ಅದೇ ದನಿ ಹಿಡಿದು ಹೊರಟಿದ್ದರು. ಊರಿಗೆ ಮರಳಿ, ದೇವರು ನನಗೆ ಓಗೊಟ್ಟ ಎಂದು ಮೊಮ್ಮಕ್ಕಳಿಗೆ ಹೇಳುತ್ತಾರೆ. ಸಾಯುವಾಗಲೂ ಅದನ್ನೇ ನಂಬಿ ಕಣ್ಣು ಮುಚ್ಚುತ್ತಾರೆ. ಯಾವುದನ್ನು? ಒಬ್ಬ ಕಾವಲುಗಾರನ ಸುಳ್ಳನ್ನು. ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಎಷ್ಟು ದಿನ ಕೂರಲಾದೀತು?

ಹತ್ತನೆಯ ದಿನ ಬಂತು. ಕಾರು ಬಂದಿದೆ ಎಂದು ಹೇಳಲು ಗುರುಮಲ್ಲಮ್ಮ ಹೊಲಕ್ಕೆ ಬಂದಾಗ ಮಂಟೇಸ್ವಾಮಿ ಮರದಿಂದ ಇಳಿದು ಅಜ್ಜನ ಎದುರು ನಿಂತಿದ್ದ. ಎರಡು ಸಲ ಬಾಯಿ ತೆರೆದು ಮುಚ್ಚಿದ.

"ದೇವ್ರಲ್ಲ ಅಜ್ಜಾ," ಎಂದ. "ನಾನು. ಹೂಂ ಅಂತಿದ್ದೋನು ನಾನು. ಅದ್ನ ನಂಬ್ಕಂಡು ಓಗ್ಬ್ಯಾಡಿ. ತಪ್ಪಾಗೋಯ್ತು."

ಗುರುಮಲ್ಲಮ್ಮ ಬದುವಿನ ಮೇಲೆ ಕೂತುಬಿಟ್ಟಳು. ಅಜ್ಜನಿಗೆ ಮಲಯಾಳಂನಲ್ಲಿ ತಿಳಿಸಬೇಕಾದವಳು ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕತೊಡಗಿದಳು. ಅಜ್ಜ ಮಾತ್ರ ಮಂಟೇಸ್ವಾಮಿಯ ಎರಡೂ ಕೆನ್ನೆ ಹಿಡಿದುಕೊಂಡು ನಗುತ್ತಿದ್ದರು.

"ಯಾಕ್ ನಗ್ತಾವ್ರೆ? ಮರದ ಮ್ಯಾಲಿದ್ದೋನು ನಾನು ಅಂತ ಹೇಳು ಅವ್ರಿಗೆ."

"ಅವ್ರಿಗೆ ಗೊತ್ತು ಕಣ. ಬಂದ ದಿನಾನೇ ನಾನು ಹೇಳಿದ್ದೆ."

"ಮತ್ತೆ ದಿನಾ ನಿಂತ್ಕಂಡು ದೇವ್ರ ತಾವ ಏನ್ ಬೇಡ್ತಿದ್ರು?"

ಗುರುಮಲ್ಲಮ್ಮ ಕಣ್ಣೊರೆಸಿಕೊಂಡಳು. "ಮಗಳು ಹೋದಾಗ್ಲಿಂದ ಎರಡು ವರ್ಸ ಒಂದ್ ಮಾತೂ ಆಡ್ದೆ ಕುಂತಿರೋ ಈ ಮನುಷ್ಯನ ಬಾಯಿ ಬುಡ್ಸಪ್ಪಾ ಅಂತ."